ಡಿಸೆಂಬರ್‌ನಲ್ಲಿ ಕೈಕೊಡುವ ಬ್ಯಾಟರಿ ಕೆಡುವುದು ಏಪ್ರಿಲ್‌ನಲ್ಲೇ

ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆಯಿಂದ ಮೆಕ್ಯಾನಿಕ್‌ಗಳಿಗೆ ಬರುವ ಫೋನಿನದು ಒಂದೇ ರಾಗ: "ರಾತ್ರಿ ಚೆನ್ನಾಗೇ ಇತ್ತು ಮಾರಾಯ್ರೇ, ಬೆಳಿಗ್ಗೆ ಸೆಲ್ಫ್ ತಗೊಳ್ತಿಲ್ಲ." ಚಳಿಗೆ ಕಾರಿನ ಬ್ಯಾಟರಿ ಹೋಯ್ತು ಅಂದುಕೊಳ್ಳುತ್ತಾರೆ. ಆದರೆ ಅದು ಸೊರಗಿರುವುದು ಬೇಸಿಗೆಯಲ್ಲಿ. ಬಾನೆಟ್ ಒಳಗಿನ ಕಾವಿಗೆ ಆಸಿಡ್‌ನಲ್ಲಿರುವ ನೀರು ಆರುತ್ತದೆ, ಪಾಸಿಟಿವ್ ಪ್ಲೇಟಿನ ಸೀಸದ ಜಾಲರಿ ಸವೆಯುತ್ತದೆ. ಎಂಜಿನ್ ಬಿಸಿಯಿದ್ದು ಸಲೀಸಾಗಿ ತಿರುಗುವಷ್ಟು ದಿನ ಆ ದೌರ್ಬಲ್ಯ ಕಾಣುವುದಿಲ್ಲ. ಡಿಸೆಂಬರ್ ಮುಂಜಾನೆ ಆಯಿಲ್ ಮಂದವಾಗಿ ಸೆಲ್ಫ್ ಮೋಟಾರ್ ಹೆಚ್ಚು ಕರೆಂಟ್ ಕೇಳುತ್ತದೆ. ಅದೇ ಹೊತ್ತಿಗೆ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿರುತ್ತದೆ.

ಸಾಮಾನ್ಯ ಲೆಡ್-ಆಸಿಡ್ ಬ್ಯಾಟರಿ 3ರಿಂದ 5 ವರ್ಷ ಬಾಳುತ್ತದೆ. ರಾಯಚೂರು, ಕಲಬುರಗಿಯ ಬಿಸಿಲಿಗೆ ಹೋಲಿಸಿದರೆ ಹಾಸನ, ಚಿಕ್ಕಮಗಳೂರಿನ ಹವೆ ಬ್ಯಾಟರಿಗೆ ಒಳ್ಳೆಯದೇ. ಆದರೂ ಇಲ್ಲಿ ಅದನ್ನು ತಿನ್ನುವ ಬೇರೆ ಸಂಗತಿಗಳಿವೆ. ತೋಟದ ರಸ್ತೆಯ ಕುಲುಕಾಟಕ್ಕೆ ಪ್ಲೇಟಿನ ಮೇಲಿನ ಲೇಪ ಉದುರಿ ತಳದಲ್ಲಿ ಕೂರುತ್ತದೆ. ಪೇಟೆಯಲ್ಲಿ ಎರಡು ಕಿಲೋಮೀಟರ್ ಓಡಿಸಿ, ತರಕಾರಿ ತಂದು ನಿಲ್ಲಿಸಿದರೆ ಸೆಲ್ಫ್‌ಗೆ ಖರ್ಚಾದ ಚಾರ್ಜ್ ಪೂರ್ತಿ ವಾಪಸ್ ಬರುವುದಿಲ್ಲ; ಮಳೆಗಾಲದಲ್ಲಿ ವೈಪರ್, ಹೆಡ್‌ಲೈಟ್, ಬ್ಲೋವರ್ ಎಲ್ಲ ಒಟ್ಟಿಗೆ ಓಡುವಾಗಲಂತೂ ಕೇಳುವುದೇ ಬೇಡ.

ಇನ್ನೊಂದು, ನಿಂತೇ ಇರುವ ಕಾರು. ಕೀ ತೆಗೆದ ಮೇಲೂ ಅಲಾರಂ, ಸೆಂಟ್ರಲ್ ಲಾಕ್, ಗಡಿಯಾರ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಎಲ್ಲ ಸೇರಿ 50 ಮಿಲಿಆಂಪಿಯರ್‌ವರೆಗೆ ಎಳೆಯುವುದು ಸಹಜ. ಅಂದರೆ ದಿನಕ್ಕೆ 1.2 ಆಂಪಿಯರ್-ಅವರ್ (ಎಎಚ್). ಸಣ್ಣ ಪೆಟ್ರೋಲ್ ಕಾರಿನ 35 ಎಎಚ್ ಬ್ಯಾಟರಿ ಈ ಲೆಕ್ಕದಲ್ಲಿ ಹದಿನೈದು ದಿನಕ್ಕೆ ಅರ್ಧ ಖಾಲಿ. ಆಷಾಢದ ಮಳೆಗೆ ಕಾರು ಶೆಡ್ಡಿನಲ್ಲೇ ಉಳಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ನಷ್ಟವೇ ಹೆಚ್ಚು. ವಾರಕ್ಕೊಮ್ಮೆ ಅರ್ಧ-ಮುಕ್ಕಾಲು ಗಂಟೆ ಓಡಿಸಿ. ಆಗದಿದ್ದರೆ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ.

ಬದಲಿಸಬೇಕೋ ಬೇಡವೋ ಎಂಬುದನ್ನು ವಯಸ್ಸು ನೋಡಿ ತೀರ್ಮಾನಿಸಬಾರದು, ಮೀಟರ್ ನೋಡಿ ತೀರ್ಮಾನಿಸಬೇಕು. ಮೂರು ವರ್ಷ ದಾಟಿದ ಮೇಲೆ ಮಳೆಗೆ ಮುಂಚೆ ಒಮ್ಮೆ, ನವೆಂಬರ್‌ನಲ್ಲಿ ಒಮ್ಮೆ ನೋಡಿದರೆ ಸಾಕು. ಸಾದಾ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಮನೆಯಲ್ಲೇ ಆಗುತ್ತದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ, ಕೀ ಹಾಕುವ ಮೊದಲು ಅಳೆಯಿರಿ: 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗಿಳಿದಿದ್ದರೆ ಬಹುಪಾಲು ಖಾಲಿ. ಇದು ಚಾರ್ಜಿನ ಲೆಕ್ಕವಷ್ಟೇ, ಆರೋಗ್ಯದ್ದಲ್ಲ. ಆರೋಗ್ಯ ತಿಳಿಯುವುದು ಸೆಲ್ಫ್ ಹೊಡೆಯುವಾಗ. ಮೀಟರಿನ ಕಡ್ಡಿಗಳನ್ನು ಟರ್ಮಿನಲ್‌ಗೆ ಹಿಡಿದುಕೊಂಡೇ ಇನ್ನೊಬ್ಬರಿಗೆ ಕೀ ತಿರುಗಿಸಲು ಹೇಳಿ. ಅಂಕಿ ಥಟ್ಟನೆ ಕುಸಿದು ಹತ್ತರ ಆಸುಪಾಸಿನಲ್ಲಿ ನಿಂತು ಮೇಲೇರಿದರೆ ಬ್ಯಾಟರಿ ಗಟ್ಟಿ. ಪೂರ್ತಿ ಚಾರ್ಜ್ ಇದ್ದೂ 9.6ರ ಕೆಳಗೆ ಇಳಿಯುತ್ತಿದ್ದರೆ ಹೊಸದಕ್ಕೆ ಹಣ ಹೊಂದಿಸಿಕೊಳ್ಳಿ; ಹತ್ತು ಡಿಗ್ರಿ ಚಳಿಯ ಬೆಳಿಗ್ಗೆ 9.4ರವರೆಗೆ ರಿಯಾಯಿತಿ ಕೊಡಬಹುದು.

ಎಂಜಿನ್ ಓಡುತ್ತಿರುವಾಗ ಹೆಡ್‌ಲೈಟ್ ಹಾಕಿ ಅಳೆದರೆ 13.8ರಿಂದ 14.5 ಇರಬೇಕು. ಹದಿಮೂರನ್ನೇ ದಾಟದಿದ್ದರೆ ತಪ್ಪು ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್‌ದೋ ಬೆಲ್ಟಿನದೋ ಇರುತ್ತದೆ, ಹೊಸ ಬ್ಯಾಟರಿ ಹಾಕಿದರೂ ವಾರದಲ್ಲಿ ಅದೇ ಗತಿ. 15 ದಾಟಿದರೆ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ.

ಅಂಗಡಿಗಳಲ್ಲಿ ಆಗುವ ದೊಡ್ಡ ಎಡವಟ್ಟು ಎಂದರೆ ಡೌನ್ ಆದ ಬ್ಯಾಟರಿಗೆ ನೇರವಾಗಿ ಲೋಡ್ ಟೆಸ್ಟರ್ (ಹೆಚ್ಚು ಕರೆಂಟ್ ಎಳೆದು ನೋಡುವ ಮೀಟರ್) ಹಚ್ಚಿ "ಸತ್ತಿದೆ" ಅನ್ನುವುದು. ಖಾಲಿ ಬ್ಯಾಟರಿ, ಹೊಸದಿದ್ದರೂ, ಆ ಪರೀಕ್ಷೆಯಲ್ಲಿ ಫೇಲೇ. 35 ಎಎಚ್ ಆದರೆ 3-4 ಆಂಪಿಯರ್‌ನಲ್ಲಿ ಹತ್ತು-ಹನ್ನೆರಡು ಗಂಟೆ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು, ಆಮೇಲೆ ಪರೀಕ್ಷಿಸಲು ಹೇಳಿ. ಕೇಳಲು ಸಂಕೋಚ ಬೇಡ.

ಟರ್ಮಿನಲ್ ನೋಡದೆ ಬ್ಯಾಟರಿ ಬದಲಿಸುವವರೂ ಕಡಿಮೆಯಿಲ್ಲ. ಮಲೆನಾಡಿನ ತೇವಕ್ಕೆ ಬಿಳಿ-ಹಸಿರು ಕಿಲುಬು ಬೇಗ ಕಟ್ಟುತ್ತದೆ. ಒಂದು ಕಡ್ಡಿಯನ್ನು ಸೀಸದ ಗೂಟದ ನೆತ್ತಿಗೆ, ಇನ್ನೊಂದನ್ನು ಅದರ ಮೇಲಿನ ಕ್ಲಾಂಪಿಗೆ ಒತ್ತಿ ಹಿಡಿದು ಸೆಲ್ಫ್ ಹೊಡೆಸಿ. ಎರಡೂ ಒಂದಕ್ಕೊಂದು ಅಂಟಿಕೊಂಡೇ ಇದ್ದರೂ ನಡುವೆ 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ವೋಲ್ಟೇಜ್ ಅಲ್ಲೇ ಕಳೆದುಹೋಗುತ್ತಿದೆ ಎಂದರ್ಥ. ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಬ್ರಷ್‌ನಿಂದ ಉಜ್ಜಿ (ಮುಚ್ಚಳದ ಸಂದಿಗೆ ಇಳಿಯದಂತೆ), ತೊಳೆದು ಒಣಗಿಸಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ನೀರು ಹಾಕುವ ಮಾದರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ; ಬೋರ್‌ವೆಲ್ ನೀರಿನ ಲವಣ ಪ್ಲೇಟುಗಳನ್ನು ಹಾಳುಮಾಡುತ್ತದೆ.

ತೋಟದ ಜೀಪನ್ನು ಇಳಿಜಾರಲ್ಲೇ ನಿಲ್ಲಿಸಿ, ಬೆಳಿಗ್ಗೆ ಉರುಳಿಸಿ ಸೆಕೆಂಡ್ ಗೇರಿಗೆ ಹಾಕಿ ಸ್ಟಾರ್ಟ್ ಮಾಡುವ ಜಾಣತನ ನಮ್ಮ ಕಡೆ ಹಳೆಯದು. ಒಂದು ದಿನದ ಮಟ್ಟಿಗೆ ಸರಿ. ತಿಂಗಳುಗಟ್ಟಲೆ ಹಾಗೇ ಓಡಿಸಿದರೆ ಖಾಲಿ ಬ್ಯಾಟರಿ ತುಂಬಿಸುವ ಹೊರೆಗೆ ಆಲ್ಟರ್ನೇಟರ್ ಸುಡಬಹುದು, ಅದರ ರಿಪೇರಿ ಖರ್ಚೂ ತಲೆಗೆ ಬೀಳುತ್ತದೆ. ಆಟೊಮ್ಯಾಟಿಕ್ ಗಾಡಿಗೆ ಈ ಉಪಾಯ ನಡೆಯುವುದೇ ಇಲ್ಲ.

ಕೊಳ್ಳುವಾಗ ಕಂಪನಿ ಕೊಟ್ಟಿದ್ದ ಎಎಚ್, ಅಳತೆ, ಪಾಸಿಟಿವ್ ಯಾವ ಬದಿಗಿದೆ ಎಂಬುದು ಮೂರೂ ಹೊಂದಬೇಕು. ಬದಿ ತಪ್ಪಿದರೆ ವೈರು ಮುಟ್ಟುವುದಿಲ್ಲ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಕಾರುಗಳಿಗೆ ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಾಳುವ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯೇ ಬೇಕು, ಸಾದಾ ಹಾಕಿದರೆ ಬೇಗ ಸೋಲುತ್ತದೆ. ತಯಾರಾದ ತಿಂಗಳು ಕೇಳಿ. ಆರು ತಿಂಗಳು ಕಪಾಟಿನಲ್ಲಿ ಕೂತದ್ದು ಬೇಡ. ಅಲ್ಲೇ ಮೀಟರ್ ಹಿಡಿಸಿ, 12.5ಕ್ಕಿಂತ ಕಡಿಮೆಯಿದ್ದರೆ ಬೇರೆ ತೆಗೆಸಿ. ವಾರಂಟಿ ಕಾರ್ಡಿನಲ್ಲಿ "24+24" ಎಂದಿದ್ದರೆ ಮೊದಲ 24 ತಿಂಗಳಷ್ಟೇ ಪುಕ್ಕಟೆ ಬದಲಾವಣೆ. ಆಮೇಲಿನದು ಬೆಲೆಯಲ್ಲಿ ರಿಯಾಯಿತಿ. ಹಳೆಯದನ್ನು ಅಂಗಡಿಗೇ ಕೊಡಿ, ಸೀಸಕ್ಕೆ ಬೆಲೆಯಿದೆ.

ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಅದು ಕೊನೆಗೆ. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿತೋ, ನೇರ ಶಾರ್ಟ್. ಕೆಳಗಿನ ಹಿಡಿಕೆಯ ಬೋಲ್ಟ್ ಬಿಗಿದು, ಬ್ಯಾಟರಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ: ಕೂದಲೆಳೆಯಷ್ಟೂ ಅಲುಗಬಾರದು. ಬ್ಯಾಟರಿ ಮತ್ತೆ ಹಾಕಿದ ಮೇಲೆ ಪವರ್ ವಿಂಡೋ ಒಂದೇ ಒತ್ತಿಗೆ ಮೇಲೇರದಿದ್ದರೆ ಹೆದರಬೇಡಿ. ಹೆಚ್ಚಿನ ಕಾರುಗಳಲ್ಲಿ ಗಾಜನ್ನು ಪೂರ್ತಿ ಏರಿಸಿ, ಸ್ವಿಚ್ಚನ್ನು ಕೆಲವು ಸೆಕೆಂಡ್ ಹಾಗೇ ಹಿಡಿದಿದ್ದರೆ ಸರಿಹೋಗುತ್ತದೆ.