‘ಇನ್ನೊಂದು ಸ್ಟಿಕ್ ಆಮೇಲೆ’ ಅನ್ನುವವರಿಗೆ

“ಸದ್ಯಕ್ಕೆ ರ‍್ಯಾಮ್ ಒಂದೇ ಸ್ಟಿಕ್ ಹಾಕಿ ಸರ್, ಇನ್ನೊಂದು ಆಮೇಲೆ ಹಾಕಿಸ್ಕೋತೀನಿ.”

ತುಮಕೂರಿನಲ್ಲಿ ನನ್ನದು ಕಂಪ್ಯೂಟರ್ ಜೋಡಿಸಿ ಕೊಡುವ, ರಿಪೇರಿ ಮಾಡುವ ಸಣ್ಣ ಅಂಗಡಿ. ವಾರಕ್ಕೆ ಒಬ್ಬರಾದರೂ ಕೌಂಟರ್ ಮುಂದೆ ನಿಂತು ಈ ಮಾತು ಹೇಳುತ್ತಾರೆ. ಗೇಮಿಂಗ್ ಪಿಸಿ ಮಾಡಿಸಲು ಬರುವ ಹುಡುಗರು ಗ್ರಾಫಿಕ್ಸ್ ಕಾರ್ಡ್ ಬಗ್ಗೆ ತಿಂಗಳುಗಟ್ಟಲೆ ವಿಡಿಯೊ ನೋಡಿರುತ್ತಾರೆ, ಪ್ರೊಸೆಸರ್ ಮಾಡೆಲ್ ನಂಬರ್ ನಾಲಿಗೆ ತುದಿಯಲ್ಲೇ ಇರುತ್ತದೆ. ಬಜೆಟ್ ಮೀರಿತು ಅಂತ ಗೊತ್ತಾದ ತಕ್ಷಣ ಕತ್ತರಿ ಬೀಳುವುದು ಮಾತ್ರ ಕಂಪ್ಯೂಟರ್ ಕೆಲಸ ಮಾಡುವಾಗ ಮಾಹಿತಿ ಇಟ್ಟುಕೊಳ್ಳುವ ಮೆಮೊರಿ, ಅಂದರೆ ರ‍್ಯಾಮ್ ಮೇಲೆ.

ಈ ಯೋಚನೆ ಎಲ್ಲಿಂದ ಬರುತ್ತದೆ ಅಂತ ನನಗೆ ಅರ್ಥವಾಗುತ್ತದೆ. ನಾವು ಮನೆ ಕಟ್ಟುವುದೂ ಹಾಗೆಯೇ. ಕೆಳಗಿನದು ಈಗ, ಮಹಡಿ ಮಗನ ಮದುವೆ ಹೊತ್ತಿಗೆ ಅಂತ ಕಂಬದ ಕಬ್ಬಿಣ ಮೇಲಕ್ಕೆ ಬಿಟ್ಟಿರುತ್ತೇವೆ. ಮದರ್‌ಬೋರ್ಡಿನ ಖಾಲಿ ಸ್ಲಾಟ್ ನೋಡಿದರೂ ಅದೇ ಕಬ್ಬಿಣ ಕಂಡಂತಾಗುತ್ತದೆ. ಆದರೆ ರ‍್ಯಾಮ್ ಆ ಜಾತಿಯ ವಸ್ತುವಲ್ಲ. ಇದನ್ನು ಕೌಂಟರ್‌ನಲ್ಲಿ ನಿಂತು ಐದು ನಿಮಿಷದಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವೆ ಇರುವ ದಾರಿಗೆ ಚಾನೆಲ್ ಅನ್ನುತ್ತಾರೆ. ನೀವು ಕೊಳ್ಳುವ ಮಾಮೂಲಿ ಡೆಸ್ಕ್‌ಟಾಪ್ ಪ್ರೊಸೆಸರ್, ಇಂಟೆಲ್ ಆಗಲಿ ಎಎಂಡಿ ಆಗಲಿ, ಅಂಥ ಎರಡು ದಾರಿ ಇಟ್ಟುಕೊಂಡೇ ಬರುತ್ತದೆ. ಒಂದೇ ಸ್ಟಿಕ್ ಹಾಕಿದರೆ ಒಂದು ದಾರಿಯಲ್ಲಿ ಮಾತ್ರ ಓಡಾಟ. ಇನ್ನೊಂದಕ್ಕೂ ನೀವು ದುಡ್ಡು ಕೊಟ್ಟಿದ್ದೀರಿ, ಅದು ಸುಮ್ಮನೆ ಬಿದ್ದಿರುತ್ತದೆ. ಮದುವೆ ಊಟದ ಪಂಕ್ತಿ ನೆನೆಸಿಕೊಳ್ಳಿ. ಪಾತ್ರೆ ತುಂಬ ಅನ್ನ ಇದೆ, ಬಡಿಸಲು ಒಬ್ಬನೇ ಇದ್ದಾನೆ. ಅದೇ ಅನ್ನವನ್ನು ಎರಡು ಪಾತ್ರೆಗೆ ಹಂಚಿ ಇಬ್ಬರು ಎರಡು ಕಡೆಯಿಂದ ಬಡಿಸಿದರೆ ಪಂಕ್ತಿ ಬೇಗ ಏಳುತ್ತದೆ. 16 ಜಿಬಿಯ ಒಂದು ಸ್ಟಿಕ್‌ಗೂ 8 ಜಿಬಿಯ ಎರಡು ಸ್ಟಿಕ್‌ಗೂ ಇರುವ ವ್ಯತ್ಯಾಸ ಇದೇ. ಅನ್ನ ಅಷ್ಟೇ, ಬಡಿಸುವ ಕೈ ಎರಡು. ಇದಕ್ಕೇ ಡ್ಯುಯಲ್ ಚಾನೆಲ್ ಅನ್ನುವುದು.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೂ ಇದೆ. ಡಿಡಿಆರ್4 (ರ‍್ಯಾಮ್‌ನ ಹಿಂದಿನ ತಲೆಮಾರು), 3200 ಅಂದರೆ ಸೆಕೆಂಡಿಗೆ 320 ಕೋಟಿ ಸಲ, ಪ್ರತಿ ಸಲವೂ 8 ಬೈಟ್. ಒಂದು ಚಾನೆಲ್‌ಗೆ ಸೆಕೆಂಡಿಗೆ 25.6 ಜಿಬಿ, ಎರಡಕ್ಕೆ 51.2 ಜಿಬಿ. ಅದರ ನಂತರದ ಡಿಡಿಆರ್5, 6000ದಲ್ಲಿ 48 ಮತ್ತು 96. ಇದು ಕಾಗದದ ಮೇಲಿನ ಗರಿಷ್ಠ ಮಿತಿ. ಇದು ದುಪ್ಪಟ್ಟಾದರೆ, ಸೆಕೆಂಡಿಗೆ ಪರದೆಗೆ ಬರುವ ಚಿತ್ರಗಳ ಲೆಕ್ಕವಾದ ಗೇಮಿನ ಎಫ್‌ಪಿಎಸ್ ದುಪ್ಪಟ್ಟಾಗುತ್ತದೆ ಅಂತ ನಾನು ಹೇಳುವುದಿಲ್ಲ. ಎಷ್ಟೋ ಗೇಮ್‌ಗಳಲ್ಲಿ ಸರಾಸರಿ ಎಫ್‌ಪಿಎಸ್ ಅಷ್ಟೇನೂ ಬದಲಾಗದೆ ಇರಬಹುದು. ಏಟು ಬೀಳುವುದು ಬೇರೆ ಕಡೆ. ಹತ್ತು ಜನ ಒಟ್ಟಿಗೆ ಎದುರಾದಾಗ, ಗಾಡಿ ಜೋರಾಗಿ ಓಡಿಸುತ್ತಾ ಹೊಸ ಬೀದಿಗೆ ತಿರುಗಿದಾಗ ಪರದೆ ಒಂದು ಕ್ಷಣ ಎಳೆದಂತಾಗುತ್ತದಲ್ಲ, ಅಲ್ಲಿ. “120 ತೋರಿಸ್ತಿದೆ ಸರ್, ಆದ್ರೂ ಜರ್ಕ್ ಹೊಡೆಯುತ್ತೆ” ಅಂತ ಬಂದವರ ಕ್ಯಾಬಿನೆಟ್ ಬಿಚ್ಚಿದರೆ ಒಳಗೆ ಒಂಟಿ ಸ್ಟಿಕ್ ಇರುವುದು ನನ್ನ ಅನುಭವದಲ್ಲಿ ಅಪರೂಪವೇನಲ್ಲ.

ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲೇ ಆಡುವವರು, ಅಂದರೆ ರೈಜನ್ 5 5600ಜಿ ಥರದ್ದನ್ನು ಕೊಂಡವರು, ಒಂಟಿ ಸ್ಟಿಕ್ ಹಾಕಲೇಬಾರದು. ಅವರ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದೂ ಇದೇ ರ‍್ಯಾಮ್‌ನಿಂದಲೇ ಉಣ್ಣಬೇಕು. ಕೈಯಲ್ಲಿ ದುಡ್ಡು ಕಡಿಮೆ ಇರುವ ಹುಡುಗರೇ ಇಂಥ ಪ್ರೊಸೆಸರ್ ಆರಿಸುವುದು, ಒಂದು ಸ್ಟಿಕ್ ಸಾಕು ಅನ್ನುವವರೂ ಅವರೇ. ನನಗೆ ಸಂಕಟವಾಗುವುದು ಇದಕ್ಕೆ.

ಈಚೆಗೆ ಇನ್ನೊಂದು ವಾದ ಶುರುವಾಗಿದೆ. “ಡಿಡಿಆರ್5 ಒಂದೇ ಸ್ಟಿಕ್ಕಲ್ಲಿ ಡ್ಯುಯಲ್ ಚಾನೆಲ್ ಇರುತ್ತಂತೆ ಸರ್.” ಮಾರುವವರೇ ಕೆಲವರು ಹೀಗೆ ಹೇಳಿ ಕಳಿಸುತ್ತಾರೆ. ಇದು ತಪ್ಪು. ಡಿಡಿಆರ್5 ಸ್ಟಿಕ್ ಒಳಗೆ ಎರಡು ಉಪದಾರಿ ಇರುವುದು ನಿಜ. ಆದರೆ ಹಳೆಯದರಲ್ಲಿ 64 ಬಿಟ್ ಅಗಲದ ಒಂದು ದಾರಿ ಇದ್ದದ್ದನ್ನು ಇದರಲ್ಲಿ 32ರ ಎರಡಾಗಿ ಸೀಳಿದ್ದಾರೆ ಅಷ್ಟೇ. ರಸ್ತೆಯ ಮಧ್ಯೆ ಡಿವೈಡರ್ ಹಾಕಿದರೆ ಅಗಲ ಹೆಚ್ಚಾಗುವುದಿಲ್ಲ. ಸಿಪಿಯು-ಝಡ್ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡು ಮೆಮೊರಿ ಪುಟ ನೋಡಿ. ಡಿಡಿಆರ್5 ಒಂದೇ ಸ್ಟಿಕ್ ಇದ್ದರೆ 2 × 32 ಅಂತ ಇರುತ್ತದೆ, ಜೋಡಿ ಸರಿಯಾಗಿ ಕೂತಿದ್ದರೆ 4 × 32. ನಾಲ್ಕು ಕಾಣುವವರೆಗೂ ಡ್ಯುಯಲ್ ಚಾನೆಲ್ ಆಗಿಲ್ಲ.

ಸರಿ, ಆಮೇಲೆ ಇನ್ನೊಂದು ತಂದು ಹಾಕಿದರೆ ಎಲ್ಲ ಸರಿಹೋಗುತ್ತದಲ್ಲ ಅಂತ ಕೇಳುತ್ತೀರಿ. ನಿಜವಾದ ತಲೆನೋವು ಶುರುವಾಗುವುದು ಅಲ್ಲಿಂದಲೇ.

ಇಂಜಿನಿಯರಿಂಗ್ ಓದುವ ಒಬ್ಬ ಹುಡುಗ 8 ಜಿಬಿಯ ಒಂದು ಡಿಡಿಆರ್4 ಸ್ಟಿಕ್ ಇಟ್ಟುಕೊಂಡು ಒಂದೂವರೆ ವರ್ಷ ಆಡಿದ. ಆಮೇಲೆ ಬೆಂಗಳೂರಿಗೆ ಹೋಗಿ ಎಸ್.ಪಿ. ರಸ್ತೆಯಲ್ಲೆಲ್ಲಾ ಸುತ್ತಿ ಅದೇ ಕಂಪನಿಯ, ಅದೇ ಮಾಡೆಲ್‌ನ, ಅದೇ 3200ರ ಸ್ಟಿಕ್ ಹುಡುಕಿ ತಂದ. ಹಾಕಿದ ದಿನದಿಂದ ಗೇಮ್ ಇಪ್ಪತ್ತು ನಿಮಿಷಕ್ಕೆ ಹ್ಯಾಂಗ್. ಗ್ರಾಫಿಕ್ಸ್ ಕಾರ್ಡ್ ಮೇಲೆ ಅನುಮಾನ ಬಂತು, ಡ್ರೈವರ್ ಬದಲಿಸಿದ. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದ. ಯಾರೋ ಹೇಳಿದರು ಅಂತ ಕಂಪ್ಯೂಟರ್‌ಗೆ ಕರೆಂಟ್ ಪೂರೈಸುವ ಹೊಸ ಎಸ್‌ಎಂಪಿಎಸ್ಸನ್ನೂ ಕೊಂಡ. ಕೊನೆಗೆ ನನ್ನ ಹತ್ತಿರ ತಂದಾಗ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಅನ್ನುವ, ಮೆಮೊರಿ ಪರೀಕ್ಷಿಸುವ ತಂತ್ರಾಂಶ ಓಡಿಸಿದೆ. ಒಂದೊಂದೇ ಸ್ಟಿಕ್ ಹಾಕಿದಾಗ ಎರಡೂ ಶುದ್ಧ, ಒಂದೇ ಒಂದು ತಪ್ಪಿಲ್ಲ. ಎರಡನ್ನೂ ಒಟ್ಟಿಗೆ ಹಾಕಿದರೆ ಪರದೆ ತುಂಬ ಕೆಂಪು ಸಾಲು.

ಎರಡನ್ನೂ ಬಿಚ್ಚಿ ಬಿಳಿ ಹಾಳೆಯ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಿದೆ. ಸ್ಟಿಕರ್ ಮೇಲಿನ ದೊಡ್ಡ ಅಕ್ಷರಗಳೆಲ್ಲ ಒಂದೇ. ಕೆಳಗೆ ಇರುವೆ ಸಾಲಿನಂತಿದ್ದ ವರ್ಷನ್ ಸಂಖ್ಯೆ ಮಾತ್ರ ಬೇರೆ. ರ‍್ಯಾಮ್ ಮೇಲೆ ಹೆಸರು ಯಾರದೇ ಇರಲಿ, ಒಳಗಿನ ಚಿಪ್ ಬಹುಮಟ್ಟಿಗೆ ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಅಥವಾ ಇನ್ನೊಂದೆರಡು ಕಂಪನಿಗಳದ್ದು. ಈ ತಿಂಗಳ ಸರಕಿನಲ್ಲಿ ಒಬ್ಬರ ಚಿಪ್, ಮುಂದಿನ ವರ್ಷದ್ದರಲ್ಲಿ ಇನ್ನೊಬ್ಬರದು ಬರಬಹುದು, ಮಾಡೆಲ್ ಹೆಸರು ಬದಲಾಗುವುದಿಲ್ಲ. ದೊಡ್ಡ ಸಂಖ್ಯೆಗಳು ಹೊಂದಿದರೂ, ಪೆಟ್ಟಿಗೆಯ ಮೇಲೆ ಬರೆಯದ, ಚಿಪ್ ಎಷ್ಟು ಹೊತ್ತು ಕಾಯಬೇಕು ಅನ್ನುವ ಹತ್ತಾರು ಸಣ್ಣ ಟೈಮಿಂಗ್‌ಗಳು ಹೊಂದಬೇಕಲ್ಲ. ಜೋಡಿ ಕಿಟ್ ಅಂತ ಒಂದೇ ಪೆಟ್ಟಿಗೆಯಲ್ಲಿ ಮಾರುವುದು, ಆ ಎರಡು ಸ್ಟಿಕ್‌ಗಳು ಆ ವೇಗದಲ್ಲಿ ಜೊತೆಯಾಗಿ ಓಡುತ್ತವೆ ಅನ್ನುವ ಮಾತಿನ ಮೇಲೆ. ಒಂದೊಂದಾಗಿ ಕೊಂಡ ಎರಡು ಸ್ಟಿಕ್‌ಗೆ ಆ ಮಾತು ಕೊಟ್ಟವರು ಯಾರೂ ಇಲ್ಲ.

ಆ ಹುಡುಗನ ರ‍್ಯಾಮ್ ವೇಗವನ್ನು ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ 3200ರಿಂದ 2933ಕ್ಕೆ ಇಳಿಸಿದೆ. ರಾತ್ರಿಯಿಡೀ ಟೆಸ್ಟ್ ಓಡಿತು, ತಪ್ಪು ಬರಲಿಲ್ಲ. ಅವನಿಗೆ ಸಮಾಧಾನವಾಯಿತು. ನನಗೆ ಮಾತ್ರ ಅವನು ಸುಮ್ಮನೆ ಕೊಂಡ ಎಸ್‌ಎಂಪಿಎಸ್ ದುಡ್ಡು ನೆನೆದು ಹೊಟ್ಟೆ ಉರಿಯಿತು. ಅಷ್ಟು ದುಡ್ಡಿಗೆ ಮೊದಲ ದಿನವೇ ಜೋಡಿ ಬರುತ್ತಿತ್ತು.

ಬೇರೆ ಬೇರೆ ಸ್ಟಿಕ್ ಸೇರಿಸಿದರೆ ಓಡುವುದೇ ಇಲ್ಲ ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. ಡಿಡಿಆರ್4ನಲ್ಲಿ ಎಷ್ಟೋ ಸಲ ತಕರಾರಿಲ್ಲದೆ ಓಡಿವೆ. ಇಂಟೆಲ್ ಬೋರ್ಡ್‌ನಲ್ಲಿ 8 ಮತ್ತು 16 ಸೇರಿಸಿದರೂ ಮೊದಲ 16 ಜಿಬಿ ಎರಡು ದಾರಿಯಲ್ಲಿ, ಉಳಿದ 8 ಒಂದು ದಾರಿಯಲ್ಲಿ ಅಂತ ಹೊಂದಿಸಿಕೊಂಡು ಹೋಗುತ್ತದೆ. ಆದರೆ ಡಿಡಿಆರ್5ನಲ್ಲಿ ವೇಗ ಹೆಚ್ಚು, ಸಹನೆ ಕಡಿಮೆ. ಓಡಬಹುದು, ಓಡದೆಯೂ ಇರಬಹುದು. ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಅಂಗಡಿಯವರು ಬಿಲ್ ಮೇಲೆ ಬರೆದುಕೊಟ್ಟರೆ ಪ್ರಯತ್ನ ಮಾಡಿ ನೋಡಿ.

ಜೋಡಿ ಕಿಟ್‌ಗೆ ಇನ್ನೊಂದು ಜೋಡಿ ಸೇರಿಸಿ ನಾಲ್ಕು ಮಾಡುವುದೂ ಇದೇ ಯೋಚನೆಯ ಮುಂದುವರಿಕೆ. ರೈಜನ್ 7000 ಸರಣಿಗೆ ಎಎಂಡಿಯೇ ಕೊಟ್ಟಿರುವ ಅಧಿಕೃತ ವೇಗ ನೋಡಿ. ಎರಡು ಸ್ಟಿಕ್‌ಗೆ 5200, ನಾಲ್ಕು ಹಾಕಿದರೆ 3600. ನಾಲ್ಕರಲ್ಲಿ ಇದಕ್ಕಿಂತ ಜೋರಾಗಿ ಓಡಿಸಿದವರಿದ್ದಾರೆ, ಆದರೆ ಅದು ಅವರವರ ಅದೃಷ್ಟ. 32 ಜಿಬಿ ಬೇಕಿದ್ದರೆ 16ರ ಎರಡು ಕೊಳ್ಳಿ. ನಾಲ್ಕೂ ಸ್ಲಾಟ್ ತುಂಬಿ ದೀಪ ಹೊಳೆಯಬೇಕು ಅನ್ನುವ ಆಸೆ ಇದ್ದರೆ, ಮೆಮೊರಿಯೇ ಇಲ್ಲದ, ಬರೀ ದೀಪದ ಡಮ್ಮಿ ಸ್ಟಿಕ್ ಸಿಗುತ್ತವೆ. ಅವು ಯಾರಿಗೂ ತೊಂದರೆ ಕೊಡುವುದಿಲ್ಲ.

ಎರಡು ಸ್ಟಿಕ್ ಕೊಂಡೂ ಒಂದೇ ದಾರಿಯಲ್ಲಿ ಓಡಿಸುವವರಿದ್ದಾರೆ. ತಿಪಟೂರು ಕಡೆಯ ರೈತರೊಬ್ಬರು ಕೊಬ್ಬರಿ ಮಾರಿದ ದುಡ್ಡಲ್ಲಿ ಮಗನಿಗೆ ಪಿಸಿ ಕೊಡಿಸಿದ್ದರು, ಬೇರೆ ಊರಿನ ಅಂಗಡಿಯಲ್ಲಿ. ಮಗ ಸಿಪಿಯು-ಝಡ್ ತೆರೆದು ನೋಡಿದರೆ 1600ರ ಹತ್ತಿರ ತೋರಿಸಿದೆ. ಅಪ್ಪ, ಮಗ ಇಬ್ಬರೂ ಬಸ್ಸಿನಲ್ಲಿ ಸಿಪಿಯು ತೊಡೆ ಮೇಲೆ ಇಟ್ಟುಕೊಂಡು ಬಂದರು. “3200 ಅಂತ ದುಡ್ಡು ಇಸ್ಕೊಂಡು ಅರ್ಧದ್ದು ಹಾಕವ್ರೆ ನೋಡಿ ಸ್ವಾಮಿ” ಅಂದರು ಅಪ್ಪ, ಧ್ವನಿ ನಡುಗುತ್ತಿತ್ತು. ಮೋಸ ಆಗಿರಲಿಲ್ಲ. ಗಡಿಯಾರದ ಮಿಡಿತ 1600, ಪ್ರತಿ ಮಿಡಿತ ಏರುವಾಗ ಒಂದು ಸಲ, ಇಳಿಯುವಾಗ ಒಂದು ಸಲ ಮಾಹಿತಿ ಹೋಗುತ್ತದೆ. ಡಿಡಿಆರ್‌ನಲ್ಲಿರುವ ‘ಡಬಲ್’ ಅದೇ. ಏತ ಎರಡೂ ಕಡೆ ನೀರು ಸುರಿದ ಹಾಗೆ ಅಂತ ಹೇಳಿದೆ, ಅವರಿಗೆ ತಕ್ಷಣ ತಿಳಿಯಿತು. ಆದರೆ ಅದೇ ಪುಟದಲ್ಲಿ ಚಾನೆಲ್ ಎದುರು ‘ಸಿಂಗಲ್’ ಅಂತ ಇತ್ತು. ಬಿಚ್ಚಿದರೆ ಎರಡು ಸ್ಟಿಕ್ ಅಕ್ಕಪಕ್ಕದ ಸ್ಲಾಟ್‌ನಲ್ಲಿ ಕೂತಿದ್ದವು. ನಾಲ್ಕು ಸ್ಲಾಟ್‌ನ ಬೋರ್ಡ್‌ನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಜೋಡಿ ಕೂರಬೇಕಾದದ್ದು ಎರಡನೆಯದರಲ್ಲಿ, ನಾಲ್ಕನೆಯದರಲ್ಲಿ. ಬೋರ್ಡಿನ ಮೇಲೆ ಎ2, ಬಿ2 ಅಂತ ಬರೆದಿರುತ್ತದೆ. ಬಹುತೇಕ ಬೋರ್ಡ್‌ಗಳಿಗೆ ಇದೇ ಕ್ರಮ, ಆದರೂ ಜೊತೆಗೆ ಬಂದ ಪುಸ್ತಕ ನೋಡಿ. ಕಿತ್ತು ಸರಿಯಾದ ಜಾಗಕ್ಕೆ ಒತ್ತಿದೆ, ಸ್ಲಾಟ್ ತುದಿಯ ಕಿವಿ ಟಕ್ಕೆಂದು ಕೂತಿತು. ಆನ್ ಮಾಡಿದಾಗ ‘ಡ್ಯುಯಲ್’ ಬಂತು. ಎರಡು ನಿಮಿಷದ ಕೆಲಸ, ನಾನು ದುಡ್ಡು ತೆಗೆದುಕೊಳ್ಳಲಿಲ್ಲ. ಮುಂದಿನ ಸಲ ಬಂದಾಗ ಎರಡು ತೆಂಗಿನಕಾಯಿ ತಂದುಕೊಟ್ಟರು.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಅನ್ನುವ, ಪೆಟ್ಟಿಗೆಯ ಮೇಲಿನ ವೇಗ ಹೊಂದಿಸುವ ಆಯ್ಕೆ ಆನ್ ಮಾಡದಿದ್ದರೆ ನೀವು ಕೊಂಡ 6000ದ ಸ್ಟಿಕ್ 4800ರಲ್ಲೇ ಓಡುತ್ತಿರಬಹುದು. ಎಎಂಡಿ ಬೋರ್ಡ್ ಆದರೆ ಅದಕ್ಕೂ ಮುಂಚೆ ಬಯೋಸ್ ಅಪ್‌ಡೇಟ್ ಮಾಡಿಸಿ. 2023ರಲ್ಲಿ ಕೆಲವು ರೈಜನ್ ಪ್ರೊಸೆಸರ್‌ಗಳು ಸುಟ್ಟುಹೋದ ಮೇಲೆ ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರ್ ಒಳಗೆ ಮೆಮೊರಿ ನಿಯಂತ್ರಿಸುವ ಭಾಗಕ್ಕೆ ಹೋಗುವ ವೋಲ್ಟೇಜ್) 1.3 ವೋಲ್ಟ್ ದಾಟದಂತೆ ಬಯೋಸ್‌ನಲ್ಲೇ ಮಿತಿ ಹಾಕಿದ್ದಾರೆ. ಸಿಎಲ್ ಸಂಖ್ಯೆ (ಕೇಳಿದ ಮಾಹಿತಿ ಬರಲು ಕಾಯಬೇಕಾದ ಮಿಡಿತಗಳು) ಒಂದನ್ನೇ ನೋಡಿ ಹೆದರಬೇಡಿ. 3200ರಲ್ಲಿ ಸಿಎಲ್16, 6000ದಲ್ಲಿ ಸಿಎಲ್30, ಎರಡೂ ಲೆಕ್ಕ ಹಾಕಿದರೆ 10 ನ್ಯಾನೋ ಸೆಕೆಂಡೇ. ರೈಜನ್ 7 7800ಎಕ್ಸ್3ಡಿ ಕೊಂಡವರು ದುಬಾರಿ ವೇಗದ ರ‍್ಯಾಮ್ ಹಿಂದೆ ಓಡುವ ಅಗತ್ಯ ಕಡಿಮೆ, ಅದರೊಳಗೇ 96 ಎಂಬಿ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್‌ನ ಸ್ವಂತ ವೇಗದ ಮೆಮೊರಿ, ಇದೆ. ಡಿಡಿಆರ್5 ಮೊದಲ ಸಲ ಆನ್ ಆಗುವಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು, ಗಾಬರಿಯಾಗಿ ಸ್ವಿಚ್ ಆರಿಸಬೇಡಿ.

2025ರ ಕೊನೆಯಿಂದ ರ‍್ಯಾಮ್ ಬೆಲೆ ಹೇಗೆ ಏರಿತು ಅಂತ ನಿಮಗೂ ಗೊತ್ತು. ಎಐ ಡೇಟಾ ಸೆಂಟರ್‌ಗಳ ಬೇಡಿಕೆ ಎಷ್ಟಾಯಿತೆಂದರೆ, ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಬಿಡುತ್ತೇನೆ ಅಂತ ಹೇಳಿತು. ಇಂಥ ಹೊತ್ತಲ್ಲಿ ಜೋಡಿ ಕೊಳ್ಳಿ ಅಂತ ಹೇಳಲು ನನಗೂ ಕಷ್ಟವೇ. ಹಾಗಾಗಿ ಮೊದಲು ಬೇರೆ ಕಡೆ ಕೈ ಬಿಗಿ ಹಿಡಿಯಿರಿ: ಗಾಜಿನ ಕ್ಯಾಬಿನೆಟ್, ನೀರಿನ ಕೂಲರ್, ದೀಪದ ಫ್ಯಾನ್. ಅಷ್ಟಕ್ಕೂ ಆಗದಿದ್ದರೆ 8ರ ಜೋಡಿ ಹಾಕಿಸಿ. ಡಿಡಿಆರ್5ನಲ್ಲಿ 8 ಜಿಬಿ ಸ್ಟಿಕ್ ಒಳಗಿನ ಚಿಪ್ ಜೋಡಣೆಯಿಂದಾಗಿ 16ರಷ್ಟು ಚುರುಕಲ್ಲ, ಆದರೂ ಒಂಟಿಗಿಂತ ಜೋಡಿಗೇ ನನ್ನ ಮತ. ಅದಕ್ಕೂ ಕೈಯಾಡದಿದ್ದರೆ ಒಂದು ಹಾಕಿಸಿ ಕಂಪ್ಯೂಟರ್ ಶುರು ಮಾಡಿ, ಓದು ನಿಲ್ಲಬಾರದು. ಮುಂದೆ ಆ ಒಂಟಿಯನ್ನು ಮಾರಿ ಜೋಡಿ ತೆಗೆದುಕೊಳ್ಳುವ ಲೆಕ್ಕ ಮಾತ್ರ ಇರಲಿ, ಅದಕ್ಕೆ ಜೊತೆ ಹುಡುಕುವ ಲೆಕ್ಕ ಬೇಡ.

ಜೋಡಿ ಕೊಂಡ ಮೇಲೆ ಬಿಡಿಸಬೇಡಿ. ಹೋದ ವರ್ಷ ಒಬ್ಬ ಹುಡುಗಿ ಒಂದು ಸ್ಟಿಕ್ ಹಿಡಿದುಕೊಂಡು ಬಂದಳು, ಕೆಟ್ಟಿತ್ತು. ವಾರಂಟಿ ಇನ್ನೂ ಇತ್ತು, ಆದರೆ ಕಿಟ್ ಆದ್ದರಿಂದ ಎರಡನ್ನೂ ಕಳಿಸಬೇಕು ಅಂತ ಸರ್ವೀಸ್ ಸೆಂಟರಿನವರು ಹೇಳಿದರು. ಬಹಳ ಕಂಪನಿಗಳ ನಿಯಮ ಹೀಗೇ ಇದೆ. ಇನ್ನೊಂದು ಎಲ್ಲಮ್ಮಾ ಅಂದರೆ, “ಅಣ್ಣನ ಕಂಪ್ಯೂಟರ್‌ಗೆ ಕೊಟ್ಬಿಟ್ಟೆ ಸರ್” ಅಂದಳು. ಅಣ್ಣ ಹಾಸನದಲ್ಲಿದ್ದ. ಅವನು ಬಿಚ್ಚಿ ಕೊರಿಯರ್ ಮಾಡಿದ, ಎರಡೂ ಹೋದವು, ಇಪ್ಪತ್ತು ದಿನಕ್ಕೆ ಹೊಸ ಜೋಡಿ ಬಂತು. ಅದರ ಪ್ಲಾಸ್ಟಿಕ್ ಕವರನ್ನು ಬಿಲ್ ಜೊತೆ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಅವಳ ಕೈಗೆ ಕೊಟ್ಟೆ.