ನೊರೆ ಬಂತು ಅಂದ ತಕ್ಷಣ ಆಂಟಿಫೋಮ್ ಸುರಿಯಬೇಡಿ

ರಿಫೈನರಿಯಲ್ಲಿ ಅಮೀನ್ ಯೂನಿಟ್ ಕಡೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಅದು ಪೆಟ್ರೋಲ್ ಮಾಡುವುದಿಲ್ಲ, ಡೀಸೆಲ್ ಮಾಡುವುದಿಲ್ಲ. ಬೇರೆ ಯೂನಿಟ್‌ಗಳು ಕಳಿಸಿದ ಗ್ಯಾಸ್‌ನಿಂದ ಅಮೀನ್ ಅನ್ನುವ ಕ್ಷಾರ ದ್ರಾವಣದ ಮೂಲಕ ಹೈಡ್ರೋಜನ್ ಸಲ್ಫೈಡ್ (ಎಚ್2ಎಸ್) ಮತ್ತು ಕಾರ್ಬನ್ ಡೈಆಕ್ಸೈಡ್ ತೆಗೆದು ವಾಪಸ್ ಕೊಡುತ್ತದೆ, ಅಷ್ಟೇ. ಆದರೆ ಅದು ಕೈಕೊಟ್ಟ ದಿನ ಇಂಧನದ ಗಂಧಕ ತೆಗೆಯುವ ಹೈಡ್ರೋಟ್ರೀಟರ್‌ನಿಂದ ಹಿಡಿದು ಕ್ರೂಡ್ ಯೂನಿಟ್ ತನಕ ಎಲ್ಲರೂ ಲೋಡ್ ಇಳಿಸಿ ಕಾಯಬೇಕಾಗುತ್ತದೆ. ಈ ಯೂನಿಟ್‌ಗೆ ಬರುವ ಕಾಯಿಲೆಗಳು ಹಲವು, ನೊರೆ ಉಕ್ಕುವುದು ಅವುಗಳಲ್ಲೊಂದು. ಮೂಲ ಮಾತ್ರ ಬಹಳಷ್ಟು ಸಲ ಒಂದೇ. ಒಳಗೆ ಸುತ್ತುತ್ತಿರುವ ಅಮೀನ್ ಕೊಳೆಯಾಗಿರುತ್ತದೆ. ಯಾವ ಅಮೀನ್ ಒಳ್ಳೆಯದು, ಯಾವ ಕಂಪನಿಯದು ಒಳ್ಳೆಯದು ಅಂತ ಮೀಟಿಂಗ್ ಮಾಡುವ ಮೊದಲು, ಇರುವ ಅಮೀನನ್ನು ಶುಚಿಯಾಗಿಟ್ಟುಕೊಳ್ಳಿ ಅನ್ನುವುದೇ ಇಲ್ಲಿ ನಾನು ಹೇಳಬೇಕಾಗಿರುವುದು.

ಈ ಗ್ಯಾಸ್ ಬರುವುದು ಎಲ್ಲಿಂದ? ನೆಲದಡಿಯಿಂದಲೇ ಬರುವುದುಂಟು. ಅಬುಧಾಬಿಯ ಶಾ ಗ್ಯಾಸ್ ಫೀಲ್ಡ್‌ನಲ್ಲಿ ಸಿಗುವ ಗ್ಯಾಸ್‌ನಲ್ಲಿ ಸುಮಾರು ಶೇ. 23ರಷ್ಟು ಹೈಡ್ರೋಜನ್ ಸಲ್ಫೈಡ್, ಶೇ. 10ರಷ್ಟು ಕಾರ್ಬನ್ ಡೈಆಕ್ಸೈಡ್ ಇದೆ. ಅಲ್ಲಿ ತೆಗೆದ ಗಂಧಕ ರೈಲು ತುಂಬಿಕೊಂಡು ರುವೈಸ್ ಬಂದರಿಗೆ ಹೋಗುತ್ತದೆ. ಗಲ್ಫ್‌ನ ಇಂಥ ಪ್ಲಾಂಟ್‌ಗಳಲ್ಲಿ ನಮ್ಮ ಕರಾವಳಿಯ ಹುಡುಗರು ಬಹಳ ಜನ ಇದ್ದಾರೆ, ಈ ಬರಹ ಅವರಿಗೂ ಸೇರಿದ್ದು. ನಮ್ಮ ದೇಶದಲ್ಲಿ ಮುಂಬೈ ಆಚೆಯ ಬಸೀನ್ ಫೀಲ್ಡ್‌ನ ಗ್ಯಾಸ್ ಸಮುದ್ರದಡಿಯ ಪೈಪ್‌ನಲ್ಲಿ ಗುಜರಾತಿನ ಹಜೀರಾಕ್ಕೆ ಬಂದು, ಅಲ್ಲಿ ಸ್ವೀಟ್ ಆಗಿ, ಅಂದರೆ ಎಚ್2ಎಸ್ ಕಳೆದುಕೊಂಡು, ಮುಂದೆ ಹೋಗುತ್ತದೆ.

ರಿಫೈನರಿಯಲ್ಲಿ ಕಥೆ ಸ್ವಲ್ಪ ಬೇರೆ. ಇಲ್ಲಿ ಸವರ್ ಗ್ಯಾಸ್, ಅಂದರೆ ಎಚ್2ಎಸ್ ಇರುವ ಗ್ಯಾಸ್ ಅನ್ನು ನಾವೇ ಹುಟ್ಟಿಸುತ್ತೇವೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಇಂಧನ ಕಡ್ಡಾಯವಾಯಿತು. ಡೀಸೆಲ್‌ನಲ್ಲಿ ಗಂಧಕ 50 ಪಿಪಿಎಂನಿಂದ (ಹತ್ತು ಲಕ್ಷ ಭಾಗದಲ್ಲಿ 50) 10 ಪಿಪಿಎಂಗೆ ಇಳಿಯಿತು. ಆ ಗಂಧಕ ಎಲ್ಲಿ ಹೋಯಿತು? ಹೈಡ್ರೋಟ್ರೀಟರ್‌ನಲ್ಲಿ ಹೈಡ್ರೋಜನ್ ಜೊತೆ ಸೇರಿ ಎಚ್2ಎಸ್ ಆಯಿತು, ಅಲ್ಲಿಂದ ಸೀದಾ ಅಮೀನ್ ಯೂನಿಟ್‌ಗೆ ಬಂತು. ಭಾರದ ಎಣ್ಣೆ ಒಡೆಯುವ ಎಫ್‌ಸಿಸಿ, ಕೋಕರ್‌ಗಳೂ ತಮ್ಮ ಪಾಲು ಕಳಿಸುತ್ತವೆ. ಮಂಗಳೂರಿನ ಎಂಆರ್‌ಪಿಎಲ್‌ನಿಂದ ಹಿಡಿದು ದೇಶದ ಎಲ್ಲ ದೊಡ್ಡ ರಿಫೈನರಿಗಳಲ್ಲೂ ಇದೇ ದಾರಿ. ಸ್ವೀಟ್ ಆದ ಗ್ಯಾಸ್ ನಮ್ಮ ಫರ್ನೇಸ್‌ಗಳಲ್ಲೇ ಉರಿಯುತ್ತದೆ. ಅದರಲ್ಲಿ ಎಚ್2ಎಸ್ ಉಳಿದರೆ ಚಿಮಣಿಯಿಂದ ಸಲ್ಫರ್ ಡೈಆಕ್ಸೈಡ್ ಆಗಿ ಊರ ಮೇಲೆ ಹೋಗುತ್ತದೆ. ಅದಕ್ಕೇ ರಿಫೈನರಿಯ ಫ್ಯೂಯೆಲ್ ಗ್ಯಾಸ್‌ಗೆ ಒಂದು ಘನ ಮೀಟರ್‌ಗೆ 150 ಮಿಲಿಗ್ರಾಂ ಎಚ್2ಎಸ್ ಅನ್ನುವ ಮಿತಿ 2008ರಿಂದ ಇದೆ.

ಎಚ್2ಎಸ್ ಬಗ್ಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವ ಮಾತು ಇದು: ಮೂಗನ್ನು ನಂಬಬೇಡಿ. ಕೊಳೆತ ಮೊಟ್ಟೆ ವಾಸನೆ ಒಂದು ಪಿಪಿಎಂಗಿಂತ ಎಷ್ಟೋ ಕಡಿಮೆ ಇದ್ದಾಗಲೇ ಹೊಡೆಯುತ್ತದೆ. ಆದರೆ 100 ಪಿಪಿಎಂ ಹತ್ತಿರ ಹೋಗುತ್ತಿದ್ದಂತೆ ಮೂಗು ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ. ವಾಸನೆ ಹೋಯಿತು ಅಂದರೆ ಗ್ಯಾಸ್ ಹೋಯಿತು ಅಂತಲ್ಲ, ಜಾಸ್ತಿ ಆಗಿರಬಹುದು. 500 ದಾಟಿದರೆ ನಿಮಿಷಗಳಲ್ಲಿ ಮನುಷ್ಯ ಬಿದ್ದುಹೋಗುತ್ತಾನೆ. 1000 ಆದರೆ ಒಂದೆರಡು ಉಸಿರೇ ಸಾಕು. ಗಾಳಿಗಿಂತ ಭಾರ, ಆದ್ದರಿಂದ ಗುಂಡಿ, ಚರಂಡಿ, ಪಂಪ್ ಪಿಟ್‌ಗಳಲ್ಲಿ ಕೂತುಕೊಳ್ಳುತ್ತದೆ. ಬಿದ್ದವನನ್ನು ಎತ್ತಲು ಮಾಸ್ಕ್ ಇಲ್ಲದೆ ಓಡಿದವನೂ ಅಲ್ಲೇ ಬೀಳುತ್ತಾನೆ. ಎದೆಗೆ ಸಿಕ್ಕಿಸಿಕೊಂಡ ಮೀಟರ್ ಕೂಗಿದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ಅಡ್ಡವಾಗಿ ಮೇಲ್ಗಾಳಿಗೆ ಹೋಗಿ. ಏನು ಸೋರುತ್ತಿದೆ ಅಂತ ಆಮೇಲೆ ನೋಡಿದರಾಯಿತು.

ಯೂನಿಟ್‌ನ ಕೆಲಸ ಸರಳ. ಅಮೀನ್ ಕ್ಷಾರ, ಈ ಗ್ಯಾಸ್‌ಗಳು ನೀರಿನಲ್ಲಿ ಆಮ್ಲ. ತಣ್ಣಗಿರುವಾಗ ಒಂದನ್ನೊಂದು ಹಿಡಿಯುತ್ತವೆ, ಕಾಯಿಸಿದರೆ ಬಿಡುತ್ತವೆ. ಅಬ್ಸಾರ್ಬರ್ ಅನ್ನುವ ಕಾಲಮ್‌ನಲ್ಲಿ ಸುಮಾರು 20 ಟ್ರೇ ಇರುತ್ತವೆ. ಕೆಳಗಿನಿಂದ ಗ್ಯಾಸ್ ಏರುತ್ತದೆ, ಮೇಲಿನಿಂದ ಲೀನ್ ಅಮೀನ್, ಅಂದರೆ ಗ್ಯಾಸ್ ಬಿಟ್ಟು ಖಾಲಿಯಾದ ಅಮೀನ್, ಇಳಿಯುತ್ತದೆ. ತಳದಲ್ಲಿ ಸಿಗುವ, ಗ್ಯಾಸ್ ಹಿಡಿದ ರಿಚ್ ಅಮೀನನ್ನು ಒತ್ತಡ ಇಳಿಸಿ, ಬಿಸಿ ಮಾಡಿ, ರೀಜನರೇಟರ್‌ಗೆ ಕಳಿಸಿದರೆ 120 ಡಿಗ್ರಿ ಹತ್ತಿರ ಗ್ಯಾಸ್ ಎಲ್ಲ ಬಿಟ್ಟು ಮತ್ತೆ ಲೀನ್ ಆಗುತ್ತದೆ. ಈ ಪದ್ಧತಿಗೆ ರಾಬರ್ಟ್ ಬಾಟಮ್ಸ್ ಅನ್ನುವವರು ಅಮೆರಿಕದಲ್ಲಿ 1930ರಲ್ಲಿ ಪೇಟೆಂಟ್ ಪಡೆದರು. ಮೂಲ ನಕ್ಷೆ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಬದಲಾಗಿದ್ದು ಅಮೀನ್. ಮೊದಲು ಎಂಇಎ, ಡಿಇಎ ಇದ್ದವು, ಈಗ ಬಹಳ ಕಡೆ ಎಂಡಿಇಎ. ಅದು ಕಾರ್ಬನ್ ಡೈಆಕ್ಸೈಡನ್ನು ನಿಧಾನವಾಗಿ ಹಿಡಿಯುತ್ತದೆ, ಎಚ್2ಎಸ್ ಅನ್ನು ತಕ್ಷಣ ಹಿಡಿಯುತ್ತದೆ. ರಿಫೈನರಿಗೆ ಬೇಕಾಗಿರುವುದು ಅದೇ. ಶೇ. 45ರಷ್ಟು ಗಟ್ಟಿ ದ್ರಾವಣ ಬಳಸಬಹುದು, ಸ್ಟೀಮ್ ಕೂಡ ಉಳಿಯುತ್ತದೆ.

ಎಲ್‌ಎನ್‌ಜಿ ಮಾಡುವವರಿಗೆ, ಕಾರ್ಬನ್ ಡೈಆಕ್ಸೈಡ್ ಉಳಿದರೂ ಪರವಾಗಿಲ್ಲ ಅನ್ನುವ ಈ ಆರಾಮ ಇಲ್ಲ. ಗ್ಯಾಸನ್ನು ದ್ರವ ಮಾಡುವಾಗ ಕಾರ್ಬನ್ ಡೈಆಕ್ಸೈಡ್ ಹೆಪ್ಪುಗಟ್ಟಿ ಎಕ್ಸ್‌ಚೇಂಜರ್ ಮುಚ್ಚಿಹೋಗುತ್ತದೆ, ಅದಕ್ಕೆ 50 ಪಿಪಿಎಂಗೆ ಇಳಿಸಲೇಬೇಕು. ಕೊಚ್ಚಿ ಟರ್ಮಿನಲ್ ದೀರ್ಘಾವಧಿ ಒಪ್ಪಂದ ಮಾಡಿಕೊಂಡಿರುವ ಆಸ್ಟ್ರೇಲಿಯಾದ ಗೋರ್ಗನ್ ಫೀಲ್ಡ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು ಶೇ. 14 ಇದೆ. 2021ರಲ್ಲಿ ಶುರುವಾದ ಪೈಪ್‌ಲೈನ್‌ನಲ್ಲಿ ಕೊಚ್ಚಿಯಿಂದ ಮಂಗಳೂರಿಗೆ ಬರುವ ಗ್ಯಾಸ್ ಸ್ವೀಟ್ ಆಗಿರುವುದರ ಹಿಂದೆ ದೂರದ ಯಾವುದೋ ಅಮೀನ್ ಯೂನಿಟ್‌ನ ದುಡಿಮೆ ಇದೆ.

ಈಗ ನೊರೆಯ ವಿಷಯಕ್ಕೆ ಬರುತ್ತೇನೆ. ಶಿಫ್ಟ್‌ನಲ್ಲಿ ಜನರ ನಿದ್ದೆ ಕೆಡಿಸುವುದು ಇದೇ.

ಲಕ್ಷಣಗಳು ಹೀಗಿರುತ್ತವೆ. ಅಬ್ಸಾರ್ಬರ್‌ನ ಡಿಪಿ, ಅಂದರೆ ಮೇಲೆ ಕೆಳಗಿನ ಒತ್ತಡದ ವ್ಯತ್ಯಾಸ, ಏರತೊಡಗುತ್ತದೆ. ತಳದ ಲೆವೆಲ್ ಮೆಲ್ಲಗೆ ಇಳಿಯುತ್ತದೆ, ಯಾಕೆಂದರೆ ದ್ರವ ಟ್ರೇಗಳ ಮೇಲೆ ನೊರೆಯಾಗಿ ನಿಂತುಬಿಟ್ಟಿರುತ್ತದೆ. ಸ್ವೀಟ್ ಗ್ಯಾಸ್‌ನಲ್ಲಿ ಎಚ್2ಎಸ್ ಕಾಣಿಸುತ್ತದೆ. ಆಮೇಲೆ ಗ್ಯಾಸ್ ಮತ್ತು ದ್ರವ ಬೇರ್ಪಡಿಸುವ ಮುಂದಿನ ನಾಕ್‌ಔಟ್ ಡ್ರಮ್‌ನಲ್ಲಿ ಅಮೀನ್ ತುಂಬುತ್ತದೆ. ನೊರೆ ಒಡೆದಾಗ ಅಷ್ಟೂ ದ್ರವ ಒಟ್ಟಿಗೆ ಕೆಳಗೆ ಬಿದ್ದು ಲೆವೆಲ್ ಜಿಗಿಯುತ್ತದೆ.

ಜೂನ್ ತಿಂಗಳ ಒಂದು ರಾತ್ರಿ ಕಂಟ್ರೋಲ್ ರೂಮಿನ ಪ್ಯಾನೆಲ್‌ನಿಂದ ಫೋನ್ ಬಂತು. "ಸರ್, ಅಬ್ಸಾರ್ಬರ್ ಡಿಪಿ ಏರ್ತಾ ಇದೆ. ಆಂಟಿಫೋಮ್ ಹಾಕ್ಸಲಾ?"

"ಲೀನ್ ಅಮೀನ್ ಟೆಂಪರೇಚರ್ ಎಷ್ಟಿದೆ ನೋಡಪ್ಪ ಮೊದಲು."

"38 ಸರ್. ಸಾಯಂಕಾಲ 47 ಇತ್ತು."

"ಗ್ಯಾಸ್?"

"41."

"ಅಲ್ಲಿ ಮಳೆ ಬರ್ತಾ ಇದೆಯಾ?"

"ಜೋರಾಗಿ ಬರ್ತಾ ಇದೆ ಸರ್."

ಕಾರಣ ಅಲ್ಲೇ ಸಿಕ್ಕಿತು, ಅಲ್ವಾ? ಗಾಳಿ ಬೀಸಿ ತಣಿಸುವ ಫಿನ್ ಫ್ಯಾನ್ ಕೂಲರ್‌ಗಳ ಮೇಲೆ ಮಳೆ ಸುರಿದರೆ ಲೀನ್ ಅಮೀನ್ ಬೇಗ ತಣ್ಣಗಾಗುತ್ತದೆ. ರಿಫೈನರಿ ಗ್ಯಾಸ್‌ನಲ್ಲಿ ಭಾರವಾದ ಹೈಡ್ರೋಕಾರ್ಬನ್ ಇರುತ್ತವೆ, ಗ್ಯಾಸ್ ಕಾಲಮ್‌ಗೆ ಬರುವಾಗ ಅವು ಇನ್ನೇನು ದ್ರವವಾಗುವ ಹಂತದಲ್ಲಿರುತ್ತವೆ. ಗ್ಯಾಸ್‌ಗಿಂತ ತಣ್ಣಗಿರುವ ಅಮೀನ್ ತಾಗಿದರೆ ಅಲ್ಲೇ ಎಣ್ಣೆಯಾಗಿ ಇಳಿಯುತ್ತವೆ. ಅಮೀನ್‌ನಲ್ಲಿ ಎಣ್ಣೆ ಸೇರಿದರೆ ನೊರೆ ಖಂಡಿತ. ಅದಕ್ಕೇ ಲೀನ್ ಅಮೀನ್ ಯಾವಾಗಲೂ ಒಳಗೆ ಬರುವ ಗ್ಯಾಸ್‌ಗಿಂತ 5-6 ಡಿಗ್ರಿ ಬಿಸಿ ಇರಬೇಕು. ಅವತ್ತು ಎರಡು ಫ್ಯಾನ್ ನಿಲ್ಲಿಸಿ, ಗ್ಯಾಸ್ ನಾಕ್‌ಔಟ್ ಡ್ರಮ್‌ನ ಲೆವೆಲ್ ಖಾಲಿ ಮಾಡಿಸಿದೆವು. ಟೆಂಪರೇಚರ್ ಏರಿತು, ಬೆಳಗಿನೊಳಗೆ ಡಿಪಿ ತನ್ನ ಜಾಗಕ್ಕೆ ಬಂತು. ಆಂಟಿಫೋಮ್ ಬೇಕಾಗಲೇ ಇಲ್ಲ. ಆಪರೇಟರ್ ಲೀನ್ ಅಮೀನ್‌ಗೆ ಒಂದು ಅಂಕಿ ಸೆಟ್ ಮಾಡಿ ಬಿಡುವ ಬದಲು, ಗ್ಯಾಸ್ ಮತ್ತು ಅಮೀನ್ ನಡುವಿನ ವ್ಯತ್ಯಾಸವನ್ನೇ ಕಂಟ್ರೋಲ್ ಮಾಡುವ ಲೂಪ್ ಇದ್ದರೆ ಇನ್ನೂ ಒಳ್ಳೆಯದು. ಹಾಗಂತ ತುಂಬಾ ಬಿಸಿಯೂ ಬೇಡ. ಏಪ್ರಿಲ್, ಮೇ ತಿಂಗಳ ಕರಾವಳಿ ಸೆಕೆಯಲ್ಲಿ ಲೀನ್ ಅಮೀನ್ 55 ಡಿಗ್ರಿ ದಾಟಿತು ಅಂದರೆ ಕಾಲಮ್‌ನ ತುದಿಯಲ್ಲಿ ಎಚ್2ಎಸ್ ಹಿಡಿಯುವ ಶಕ್ತಿಯೇ ಕುಗ್ಗುತ್ತದೆ.

ಆಂಟಿಫೋಮ್, ಅಂದರೆ ನೊರೆ ಇಳಿಸುವ ಸಿಲಿಕೋನ್, ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಒಲೆ ಮೇಲೆ ಹಾಲು ಉಕ್ಕಿದಾಗ ನೀರು ಚಿಮುಕಿಸಿದರೆ ಕೂರುತ್ತದೆ, ಉರಿ ಇಳಿಸದಿದ್ದರೆ ಮತ್ತೆ ಉಕ್ಕುತ್ತದೆ. ಆಂಟಿಫೋಮ್ ಮಾಡುವ ಕೆಲಸವೂ ಅಷ್ಟೇ. ಕಾರಣ ಹುಡುಕಲು ಒಂದಷ್ಟು ಹೊತ್ತು ಕೊಡುತ್ತದೆ. ಸುಮ್ನೆ ದಿನಾ ಸುರಿಯುತ್ತಾ ಹೋದರೆ ಸಿಲಿಕೋನ್ ದ್ರಾವಣದಲ್ಲೇ ಕೂತು, ಕೊನೆಗೆ ತಾನೇ ನೊರೆ ಹಿಡಿದಿಡುತ್ತದೆ. ಕಾರ್ಬನ್ ಫಿಲ್ಟರ್ ಅದನ್ನು ಹೀರಿಕೊಳ್ಳುವುದರಿಂದ ಆ ಫಿಲ್ಟರ್‌ನ ಆಯಸ್ಸೂ ಕಡಿಮೆಯಾಗುತ್ತದೆ.

ಸ್ಯಾಂಪಲ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಲ್ಯಾಬ್ ರಿಪೋರ್ಟ್ ಬರುವ ಮೊದಲೇ ಅರ್ಧ ಉತ್ತರ ಸಿಗುತ್ತದೆ. ಒಳ್ಳೆಯ ಲೀನ್ ಅಮೀನ್ ತಿಳಿಯಾಗಿ, ತೆಳು ಹಳದಿ ಬಣ್ಣಕ್ಕಿರುತ್ತದೆ. ಹಸಿರು ಅಥವಾ ಕಪ್ಪು ಛಾಯೆ ಇದ್ದರೆ ಐರನ್ ಸಲ್ಫೈಡ್ ಕಣ ಇದೆ, ಎಲ್ಲೋ ಪೈಪ್ ಸವೆಯುತ್ತಿದೆ ಅಂತ. ಅರ್ಧ ಗಂಟೆ ಇಟ್ಟರೆ ತಳದಲ್ಲಿ ಕರಿ ಪುಡಿ ಕೂರುತ್ತದೆ. ಮೇಲೆ ಬಣ್ಣಬಣ್ಣದ ತೆಳು ಪೊರೆ ಕಂಡರೆ ಎಣ್ಣೆ. ಕಂದು ಬಣ್ಣ ಗಾಢವಾಗುತ್ತಾ ಹೋದರೆ ಅಮೀನ್ ಹಾಳಾಗುತ್ತಿದೆ. ಲ್ಯಾಬ್‌ನ ಹುಡ್ ಒಳಗೆ ಸಿಲಿಂಡರ್‌ನಲ್ಲಿ ನೈಟ್ರೋಜನ್ ಗುಳ್ಳೆ ಬಿಟ್ಟು ನೊರೆ ಎಬ್ಬಿಸಿ, ಗ್ಯಾಸ್ ನಿಲ್ಲಿಸಿದ ಮೇಲೆ ನೊರೆ ಒಡೆಯಲು ಎಷ್ಟು ಸೆಕೆಂಡ್ ಬೇಕು ನೋಡಿ. ಶುಚಿಯಾದ ಅಮೀನ್‌ನ ನೊರೆ ಕೆಲವೇ ಸೆಕೆಂಡಿನಲ್ಲಿ ಒಡೆಯುತ್ತದೆ. ಅದೇ ಸ್ಯಾಂಪಲನ್ನು ಫಿಲ್ಟರ್ ಪೇಪರ್‌ನಲ್ಲಿ ಸೋಸಿ ಮತ್ತೆ ಪರೀಕ್ಷಿಸಿ. ಈಗ ಬೇಗ ಒಡೆದರೆ ತಪ್ಪು ಕಣಗಳದ್ದು, ಮೆಕ್ಯಾನಿಕಲ್ ಫಿಲ್ಟರ್ ನೋಡಿ. ಸೋಸಿದರೂ ನಿಂತರೆ ಎಣ್ಣೆಯೋ ಇನ್ನೇನೋ ಕರಗಿದೆ, ಕಾರ್ಬನ್ ಫಿಲ್ಟರ್ ಮುಗಿದಿರಬಹುದು.

ರೀಜನರೇಟರ್‌ವರೆಗೆ ಎಣ್ಣೆ ಹೋದರೆ ಪೆಟ್ಟು ಬೀಳುವುದು ಪಕ್ಕದ ಸಲ್ಫರ್ ಯೂನಿಟ್‌ಗೆ. ಅಲ್ಲಿ ಎಚ್2ಎಸ್‌ನ ಮೂರನೇ ಒಂದು ಭಾಗ ಉರಿಸಿ, ಉಳಿದದ್ದರ ಜೊತೆ ಸೇರಿಸಿ ಗಂಧಕ ಮಾಡುತ್ತಾರೆ. ಅದಕ್ಕೆ ಬೇಕಾದ ಗಾಳಿಯ ಲೆಕ್ಕ ಬಹಳ ಸೂಕ್ಷ್ಮ. ಹೈಡ್ರೋಕಾರ್ಬನ್ ಬಂದರೆ ಲೆಕ್ಕ ತಪ್ಪಿ ಮಸಿ ಕಟ್ಟುತ್ತದೆ. ನಿಂಬೆ ಹಳದಿ ಇರಬೇಕಾದ ಗಂಧಕ ಕಪ್ಪಾಗಿ ಇಳಿಯುತ್ತದೆ. ಕಪ್ಪು ಗಂಧಕ ಕಂಡರೆ ಸಲ್ಫರ್ ಯೂನಿಟ್‌ನವರನ್ನು ಬೈಯುವ ಮೊದಲು ಒತ್ತಡ ಇಳಿಸುವ ನಮ್ಮ ರಿಚ್ ಅಮೀನ್ ಫ್ಲ್ಯಾಶ್ ಡ್ರಮ್‌ನಲ್ಲಿ ಎಣ್ಣೆ ತೆಗೆದು ಎಷ್ಟು ದಿನ ಆಯಿತು ಅಂತ ನೋಡಬೇಕು.

ಇನ್ನೊಂದು ಕೊಳೆ ಕಣ್ಣಿಗೆ ಕಾಣುವುದಿಲ್ಲ. ಹೀಟ್ ಸ್ಟೇಬಲ್ ಸಾಲ್ಟ್. ಎಫ್‌ಸಿಸಿ, ಕೋಕರ್ ಗ್ಯಾಸ್‌ನಲ್ಲಿ ಬರುವ ಸಯನೈಡ್, ಫಾರ್ಮಿಕ್ ಆಸಿಡ್‌ಗಳು, ಟ್ಯಾಂಕ್‌ನಲ್ಲಿ ಸೇರುವ ಆಕ್ಸಿಜನ್, ಇವೆಲ್ಲ ಅಮೀನ್ ಜೊತೆ ಲವಣವಾಗುತ್ತವೆ. ರೀಜನರೇಟರ್‌ನಲ್ಲಿ ಎಷ್ಟು ಕಾಯಿಸಿದರೂ ಬಿಡುವುದಿಲ್ಲ. ಒಟ್ಟು ಅಮೀನ್ ಶೇ. 45 ಅಂತ ರಿಪೋರ್ಟ್ ಇರುತ್ತದೆ, ಕೆಲಸಕ್ಕೆ ಸಿಗುವ ಅಮೀನ್ ಅದಕ್ಕಿಂತ ಕಡಿಮೆ ಇರುತ್ತದೆ. ಜೊತೆಗೆ ಪೈಪ್ ಒಳಗೆ ಕಬ್ಬಿಣವನ್ನು ಕಾಯುವ ಸಲ್ಫೈಡ್ ಪೊರೆಯನ್ನು ಈ ಲವಣಗಳು ಕರಗಿಸುತ್ತವೆ. ಆದ್ದರಿಂದ ಲ್ಯಾಬ್‌ನಿಂದ ಒಟ್ಟು ಅಮೀನ್, ಫ್ರೀ ಅಮೀನ್ (ಲವಣವಾಗದೆ ಉಳಿದದ್ದು) ಎರಡೂ ಕೇಳಿ. ಆಕ್ಸಿಜನ್ ಸೇರದಂತೆ ಟ್ಯಾಂಕ್ ಮೇಲೆ ನೈಟ್ರೋಜನ್ ಬ್ಲ್ಯಾಂಕೆಟ್ ಇದೆಯಾ ಅಂತ ಖುದ್ದು ಹೋಗಿ ಗೇಜ್ ನೋಡಿ. ಕಾಸ್ಟಿಕ್ ಸೋಡಾ ಹಾಕಿದರೆ ಅಮೀನ್ ಬಿಡುಗಡೆಯಾಗುತ್ತದೆ ನಿಜ, ಲವಣ ಮಾತ್ರ ಒಳಗೇ ಉಳಿಯುತ್ತದೆ. ಹೊರಗೆ ತೆಗೆಯಲು ಅಯಾನ್ ಎಕ್ಸ್‌ಚೇಂಜ್ ಅಥವಾ ವ್ಯಾಕ್ಯೂಮ್ ಡಿಸ್ಟಿಲೇಷನ್ ಮಾಡಿಸಲೇಬೇಕು. ಖರ್ಚು ಜಾಸ್ತಿ ಅಂತ ಮುಂದೂಡುವವರು ಪೈಪ್ ಬದಲಿಸುವ ಖರ್ಚನ್ನೂ ಪಕ್ಕದಲ್ಲಿಟ್ಟು ನೋಡಲಿ.

ಲೋಹದ ವಿಷಯಕ್ಕೆ ಬಂದರೆ, ಅಮೀನ್ ಯೂನಿಟ್‌ನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ರೋಮಿಯೋವಿಲ್ ಗೊತ್ತಿರಬೇಕು. ಅಮೆರಿಕದ ಇಲಿನಾಯ್ ರಾಜ್ಯದ ಈ ಊರಿನ ಬಳಿಯ ಯೂನಿಯನ್ ಆಯಿಲ್ ರಿಫೈನರಿಯಲ್ಲಿ 1984ರ ಜುಲೈ 23ರಂದು ಅಮೀನ್ ಅಬ್ಸಾರ್ಬರ್ ಒಂದು ಸೀಳಿತು. ಪ್ರೋಪೇನ್, ಬ್ಯುಟೇನ್‌ನಿಂದ ಎಚ್2ಎಸ್ ತೆಗೆಯುತ್ತಿದ್ದ ಕಾಲಮ್ ಅದು, ಒಳಗಿದ್ದದ್ದು ಎಂಇಎ. ಸೋರಿಕೆ ಮೊದಲು ಕಂಡಿದ್ದು ಒಂದು ಸಣ್ಣ ಬಿರುಕಿನಿಂದ. ಆಪರೇಟರ್ ವಾಲ್ವ್ ಮುಚ್ಚುತ್ತಿರುವಾಗಲೇ ಬಿರುಕು ಬೆಳೆಯಿತು. ಆಮೇಲೆ ಸ್ಫೋಟ. ಕಾಲಮ್‌ನ ಮೇಲಿನ ಭಾಗ ಸುಮಾರು ಒಂದು ಕಿಲೋಮೀಟರ್ ದೂರ ಹಾರಿ ಬಿತ್ತು. 17 ಜನ ಸತ್ತರು. ಅವರಲ್ಲಿ ಬೆಂಕಿ ಆರಿಸಲು ಬಂದ ರಿಫೈನರಿಯ ಸ್ವಂತ ಫೈರ್ ಬ್ರಿಗೇಡ್‌ನವರೂ ಇದ್ದರು.

ತನಿಖೆಯಲ್ಲಿ ಕಂಡದ್ದೇನು? 1974ರಲ್ಲಿ ಆ ಕಾಲಮ್‌ನ ಒಂದು ಸುತ್ತಿನ ಭಾಗ ಕತ್ತರಿಸಿ ಹೊಸ ಪ್ಲೇಟ್ ವೆಲ್ಡ್ ಮಾಡಿದ್ದರು. ವೆಲ್ಡ್ ಆದ ಮೇಲೆ ಆ ಜಾಗವನ್ನು 600 ಡಿಗ್ರಿಗೂ ಮೇಲೆ ಕಾಯಿಸಿ ನಿಧಾನವಾಗಿ ಆರಿಸುವ ಹೀಟ್ ಟ್ರೀಟ್‌ಮೆಂಟ್ ಮಾಡಿರಲಿಲ್ಲ. ವೆಲ್ಡ್ ಪಕ್ಕದ ಉಕ್ಕು ಗಡುಸಾಗಿಯೇ ಉಳಿಯಿತು. ತುಕ್ಕಿನಿಂದ ಹುಟ್ಟಿದ ಹೈಡ್ರೋಜನ್ ಅಲ್ಲಿ ನುಗ್ಗಿ ಹತ್ತು ವರ್ಷ ಒಳಗೊಳಗೇ ಬಿರುಕು ಬೆಳೆಸಿತು. ಹೊರಗಿನಿಂದ ನೋಡಿದವರಿಗೆ ಏನೂ ಕಾಣುವಂತಿರಲಿಲ್ಲ. ಅಮೀನ್ ಯೂನಿಟ್‌ಗಳ ಬಿರುಕು ತಡೆಯಲೆಂದೇ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಆಮೇಲೆ ಎಪಿಐ 945 ಅನ್ನುವ ಮಾರ್ಗಸೂಚಿ ತಂದಿತು.

ಶಟ್‌ಡೌನ್ ಹತ್ತಿರ ಬಂದಾಗ ಇನ್‌ಸ್ಪೆಕ್ಷನ್‌ನವರ ಜೊತೆ ಕೂತು ಹಳೆಯ ರಿಪೇರಿಗಳ ಫೈಲ್ ತೆಗೆಸಿ. ಕಾಲಮ್, ಎಕ್ಸ್‌ಚೇಂಜರ್ ಶೆಲ್, ಪೈಪ್, ಯಾವುದೇ ಇರಲಿ, ಎಲ್ಲೆಲ್ಲಿ ಫೀಲ್ಡ್ ವೆಲ್ಡ್ ಆಗಿದೆ ಅಂತ ಡ್ರಾಯಿಂಗ್ ಮೇಲೆ ಗುರುತು ಮಾಡಿ. ಪ್ರತಿ ವೆಲ್ಡ್‌ಗೂ ಹೀಟ್ ಟ್ರೀಟ್‌ಮೆಂಟ್ ಚಾರ್ಟ್ ಕೇಳಿ. ಏಣಿಗೆ, ಪ್ಲಾಟ್‌ಫಾರಂಗೆ ಅಂತ ಶೆಲ್ ಮೇಲೆ ಅಂಟಿಸಿದ ಸಣ್ಣ ಕ್ಲಿಪ್‌ಗಳನ್ನೂ ಬಿಡಬೇಡಿ, ಅವೂ ವೆಲ್ಡ್‌ಗಳೇ. ಯಾವುದಕ್ಕೆ ಚಾರ್ಟ್ ಸಿಗುವುದಿಲ್ಲವೋ, ಬಿರುಕು ಹುಡುಕುವ ವೆಟ್ ಫ್ಲೋರೆಸೆಂಟ್ ಮ್ಯಾಗ್ನೆಟಿಕ್ ಟೆಸ್ಟ್‌ಗೆ ಆ ವೆಲ್ಡ್‌ನ ಒಳಮೈಯನ್ನು ಪಟ್ಟಿಯಲ್ಲಿ ಮೊದಲು ಹಾಕಿಸಿ.