ಎಕ್ಸ್ ಮನೆ ಕಂಡರೆ ಬೈಯಬೇಡಿ

ಪಲ್ಸ್ ಪೋಲಿಯೊ ಮನೆಭೇಟಿಯಲ್ಲಿ 5 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ ಗೋಡೆಯ ಮೇಲೆ ‘ಪಿ’. ಒಂದು ಮಗು ಉಳಿದರೂ, ಮನೆಗೆ ಬೀಗವಿದ್ದರೂ ‘ಎಕ್ಸ್’. ಇದು ಎಲ್ಲರಿಗೂ ಗೊತ್ತು. ತಂಡಗಳೂ ಮೇಲ್ವಿಚಾರಕರೂ ಕೂತು ಆ ದಿನದ ಕೆಲಸ ನೋಡುವ ಸಂಜೆಯ ಸಭೆ ಯಾತಕ್ಕೆ ಅನ್ನುವುದೇ ಹಲವರಿಗೆ ಗೊತ್ತಿಲ್ಲ.

ದಿನದ ಲೆಕ್ಕ ಬರೆದ ಟ್ಯಾಲಿ ಶೀಟ್ ನೋಡಿದ ಕೂಡಲೇ ಮೇಲಿನವರ ಮೊದಲ ಮಾತು: “ಏನಮ್ಮಾ, ಇಷ್ಟೊಂದು ಎಕ್ಸ್?” ಆಶಾ ಕಾರ್ಯಕರ್ತೆ ದಡ್ಡಳೇನಲ್ಲ. ಮರುದಿನ ಬೀಗದ ಮನೆಗೂ ಪಿ ಬೀಳುತ್ತದೆ. ವರದಿ ಚೆಂದವಾಯಿತು, ಮಗು ಹನಿಯಿಲ್ಲದೆ ಉಳಿಯಿತು. ಎಕ್ಸ್ ಬರೆದವಳು ನಾಳೆ ಎಲ್ಲಿಗೆ ಹೋಗಬೇಕೆಂದು ನಿಮಗೆ ತೋರಿಸಿಕೊಟ್ಟಿದ್ದಾಳೆ. ಅವಳನ್ನೇ ಬೈದರೆ ಇನ್ನು ಯಾರು ತೋರಿಸುತ್ತಾರೆ?

ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ, ಯಾಕೆ ಎಂದು ಕೇಳಿ. ಕಟ್ಟಡ ಕೆಲಸದವರ ಶೆಡ್‌ ಸಾಲಿನಲ್ಲಿ ಬರೀ ಬೀಗವೇ ಇದ್ದರೆ, ನಾಳೆ 11 ಗಂಟೆಗೆ ಹೋದರೂ ಬೀಗವೇ. ಬೆಳಿಗ್ಗೆ ಬುತ್ತಿ ಕಟ್ಟುವ ಹೊತ್ತಿಗೆ ಹೋಗಬೇಕು. ಮಗು ಅಜ್ಜಿ ಮನೆಗೆ ಹೋಗಿದ್ದರೆ ಯಾವ ಊರು, ಎಂದು ವಾಪಸ್ ಎಂದು ಬರೆದುಕೊಳ್ಳಲಿ. ಬೇಡ ಅಂದ ಮನೆಗೆ ಅದೇ ತಂಡ ಮತ್ತೆ ಹೋದರೆ ಸಾಮಾನ್ಯವಾಗಿ ಹಟ ಗಟ್ಟಿಯಾಗುತ್ತದೆ. ಆ ಬೀದಿಯವರು ನಂಬುವ ಹಿರಿಯರೋ ಡಾಕ್ಟರೋ ಹೋಗಲಿ. ಮಗುವಿಗೆ ಜ್ವರವೆಂದು ಹಿಂಜರಿದಿದ್ದರೆ ವೈದ್ಯಾಧಿಕಾರಿಯೇ ನೋಡಿ ಹೇಳಲಿ, ಕಾರ್ಯಕರ್ತೆಯ ತಲೆಗೆ ಕಟ್ಟಬೇಡಿ. ಬಸ್ ನಿಲ್ದಾಣ, ರೈಲುಗಳಲ್ಲಿ ಟ್ರಾನ್ಸಿಟ್ ತಂಡ ನಿಲ್ಲಿಸುವುದೂ ಇದೇ ಲೆಕ್ಕದಲ್ಲಿ: ಮನೆಯಲ್ಲಿ ಸಿಗದ ಮಗು ದಾರಿಯಲ್ಲಿ ಸಿಗುತ್ತದೆ. ಭಾರತದ ಕೊನೆಯ ವೈಲ್ಡ್ ಪೋಲಿಯೊ (ಸಹಜವಾಗಿ ಹರಡುವ ವೈರಸ್‌ನಿಂದ ಬರುವ ಪೋಲಿಯೊ) ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡದ್ದು. ಅಲ್ಲಿವರೆಗೆ ಬಂದದ್ದು ಉಳಿದ ಮಕ್ಕಳನ್ನು ಹೀಗೆ ಬೆನ್ನುಹತ್ತಿ ಹೋಗಿಯೇ.

ದೊಡ್ಡ ಬಡಾವಣೆಯಲ್ಲಿ ದಿನವಿಡೀ ಒಂದೂ ಎಕ್ಸ್ ಬಾರದ ತಂಡದ ಮೇಲೆ ನನಗೆ ಅನುಮಾನ. ಅಂಥಲ್ಲಿ ಮೇಲ್ವಿಚಾರಕರು ಹತ್ತು ಪಿ ಮನೆ ಹೊಕ್ಕು ಹನಿ ಹಾಕಿದಾಗ ಮಾರ್ಕರ್‌ನಿಂದ ಗುರುತು ಹಾಕುವ ಮಕ್ಕಳ ಎಡಗೈ ಕಿರುಬೆರಳು ನೋಡಲಿ. ಗುರುತಿಲ್ಲವೆಂದು ಅಲ್ಲೇ ಕೂಗಾಡಬೇಡಿ. ಮುಚ್ಚಳ ತೆಗೆದಿಟ್ಟು ಬಿಸಿಲಲ್ಲಿ ಸುತ್ತಿದರೆ ಮಾರ್ಕರ್ ಒಣಗುತ್ತದೆ. ತಾಯಿಯನ್ನು ಕೇಳಿ. ಆಗಲೂ ಅನುಮಾನವಿದ್ದರೆ ಇನ್ನೆರಡು ಹನಿ ಹಾಕಿ, ಅದರಿಂದ ಅಪಾಯವಿಲ್ಲ. ಆ ತಂಡಕ್ಕೆ ಸಂಜೆ ಹೊಸ ಮಾರ್ಕರ್ ಕೊಡಿ.

ಇದೆಲ್ಲ ಅದೇ ಸಂಜೆ ಆಗಬೇಕು. ಸುತ್ತು ಮುಗಿದ ಮೇಲೆ ತಾಲ್ಲೂಕು ಕಚೇರಿಗೆ ಹೋಗುವ ಎಕ್ಸ್ ಪಟ್ಟಿಯಿಂದ ಆ ಸುತ್ತಿನ ಮಗುವಿಗೆ ಪ್ರಯೋಜನವಿಲ್ಲ. ಚಹಾ ಕುಡಿದು ಏಳುವ ಮೊದಲೇ ಪ್ರತಿ ಎಕ್ಸ್ ಮನೆಯ ಮುಂದೆ ನಾಳೆ ಹೋಗುವವರ ಹೆಸರು, ಹೋಗುವ ಹೊತ್ತು ಎರಡನ್ನೂ ಬರೆಸಿ.